ಕಟ್ಟಿದ್ದು ಎಷ್ಟು ಗಂಟೆಗೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯ ಕೇಳಿವೆ: ಪೆಟ್ಟು ಬಿದ್ದ ಕೈಗೋ ಕಾಲಿಗೋ ರಕ್ತ ಹೋಗದಿದ್ದರೆ ಏನು ಮಾಡಬೇಕು? ಹಾಗಾಗಿ ಮೂರನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಮ್ಮನ ಕೈ ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿ ಎರಡು ಬೆರಳು ತುಂಡಾದವು. ತೋಳಿಗೆ ಸೆಣಬಿನ ದಾರ ಬಿಗಿದು, ಊರಿನ ಹಿರಿಯರು ಹೇಳಿದಂತೆ ಹತ್ತು ನಿಮಿಷಕ್ಕೊಮ್ಮೆ ಸಡಿಲ ಮಾಡುತ್ತಾ ಹೋದೆವು. ಬೆರಳುಗಳನ್ನು ಐಸಿನೊಳಗೆ ಹುದುಗಿಸಿ ತೆಗೆದುಕೊಂಡು ಹೋದರೂ ಜೋಡಿಸಲು ಆಗಲ್ಲ ಎಂದರು. ನಮ್ಮಿಂದ ಏನು ತಪ್ಪಾಯಿತು? (ಓದುಗರು, ನಾಗಮಂಗಲ)

ಉತ್ತರ: ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಷೀನಿನಲ್ಲಿ ಜಜ್ಜಿಹೋದ ಬೆರಳನ್ನು ಎಷ್ಟು ಜೋಪಾನವಾಗಿ ತಂದರೂ ಕೆಲವು ಸಲ ಜೋಡಿಸಲು ಆಗುವುದಿಲ್ಲ. ಆದರೆ ಹಸು ಸಾಕುವ ಎಷ್ಟೋ ಮನೆಗಳಲ್ಲಿ ಈಗ ಈ ಮಷೀನು ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆರಳು ತುಂಡಾದಾಗ ಸಾಮಾನ್ಯವಾಗಿ ತೋಳಿಗೆ ಕಟ್ಟುವ ಅಗತ್ಯವೇ ಇರುವುದಿಲ್ಲ. ಒಗೆದ ಬಟ್ಟೆ ಇಟ್ಟು, ಕೈ ಮೇಲೆತ್ತಿ, ಹತ್ತು ನಿಮಿಷ ಬಿಡದೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುವೆ ತೆಗೆದು ನೋಡಬೇಡಿ. ಒತ್ತಿದರೂ ಜಗ್ಗದೆ ರಕ್ತ ಚಿಮ್ಮುತ್ತಿದ್ದರೆ, ತೋಳೋ ತೊಡೆಯೋ ಹರಿದುಹೋಗಿದ್ದರೆ, ಆಗ ಕಟ್ಟಲೇಬೇಕು. ದಾರ, ತಂತಿ ಬೇಡವೇ ಬೇಡ, ಅವು ಚರ್ಮವನ್ನೂ ಒಳಗಿನ ನರವನ್ನೂ ಜಜ್ಜುತ್ತವೆ. ಟವಲ್ಲನ್ನು ಮೂರು ಬೆರಳಗಲ ಮಡಚಿ, ಗಾಯಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ಕೀಲಿನ ಮೇಲೆ ಬಾರದಂತೆ ಸುತ್ತಿ, ಗಂಟಿನೊಳಗೆ ಒಂದು ಗಟ್ಟಿ ಕೋಲು ಸಿಕ್ಕಿಸಿ ರಕ್ತ ಪೂರ್ತಿ ನಿಲ್ಲುವವರೆಗೆ ತಿರುಚಿ. ತುಂಬಾ ನೋಯುತ್ತದೆ, ಕೂಗಿಕೊಳ್ಳುತ್ತಾರೆ, ಆದರೂ ಬಿಡಬೇಡಿ. ಅರೆಬರೆ ಬಿಗಿದರೆ ಕಟ್ಟದೇ ಇದ್ದದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಒಳಗೆ ಬರುವ ರಕ್ತ ಬರುತ್ತಲೇ ಇರುತ್ತದೆ, ವಾಪಸ್ ಹೋಗುವ ದಾರಿ ಮಾತ್ರ ಮುಚ್ಚಿಕೊಂಡು ಗಾಯದಿಂದ ಇನ್ನೂ ಜಾಸ್ತಿ ಸುರಿಯುತ್ತದೆ.

ಆಗಾಗ ಸಡಿಲ ಮಾಡಿ ಅಂತ ಹಿಂದೆ ಹೇಳಿಕೊಡುತ್ತಿದ್ದರು, ಹಿರಿಯರದ್ದು ತಪ್ಪಲ್ಲ. ಈಗ ಹಾಗೆ ಹೇಳುವುದಿಲ್ಲ. ಸಡಿಲ ಮಾಡಿದಾಗಲೆಲ್ಲ ರಕ್ತ ಹೋಗುತ್ತದೆ, ಅಷ್ಟರಲ್ಲಿ ಮಾಂಸಖಂಡಕ್ಕೆ ಆಗುವ ಲಾಭ ಏನೂ ಇಲ್ಲ. ಎರಡು ಗಂಟೆಯವರೆಗೆ ಕಟ್ಟಿದ್ದರೆ ಸಾಮಾನ್ಯವಾಗಿ ಕೈಕಾಲಿಗೆ ಶಾಶ್ವತ ಹಾನಿ ಆಗುವುದಿಲ್ಲ. ಆಮೇಲೆ ಹಾನಿ ಏರುತ್ತಾ ಹೋಗುತ್ತದೆ, ಆರು ಗಂಟೆಗೆ ಮಾಂಸಖಂಡ ಉಳಿಯುವುದೇ ಕಷ್ಟ. ಅದಕ್ಕೇ ಕಟ್ಟಿದ ತಕ್ಷಣ ಪೆನ್ನು ತೆಗೆದು ಅವರ ಹಣೆಯ ಮೇಲೇ ಬರೆಯಿರಿ: ‘ಕಟ್ಟಿದ್ದು 4:20’. ಗಾಯಾಳು ಬಂದಾಗ ನಾನು ಮೊದಲು ಹುಡುಕುವುದು ಅದನ್ನೇ. ಹತ್ತರಲ್ಲಿ ಒಂಬತ್ತು ಸಲ ‘ಆಗಲೇ ಕಟ್ಟಿದ್ವಿ ಸಾರ್’ ಎನ್ನುತ್ತಾರೆ, ಆಗಲೇ ಅಂದರೆ ಯಾವಾಗ?

ಇನ್ನು ಬೆರಳು. ಐಸ್ ನೇರವಾಗಿ ತಾಗಿದರೆ ಬೆರಳೇ ಹೆಪ್ಪುಗಟ್ಟಿ, ಒಂದು ಮಿಲಿಮೀಟರ್ ದಪ್ಪದ ರಕ್ತನಾಳಗಳು ಹಾಳಾಗುತ್ತವೆ. ನಾವು ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕಾದದ್ದು ಅವನ್ನೇ. ಮಣ್ಣಿದ್ದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಹಾಗೆ ತಂದ ಬೆರಳು ಒಂದು ದಿನದವರೆಗೂ ತಡೆದೀತು, ತಣ್ಣಗೆ ಇಡದಿದ್ದರೆ ಅದರ ಅರ್ಧ ಹೊತ್ತು. ತೋಳು ತುಂಡಾದರೆ ಅಷ್ಟು ಹೊತ್ತು ಸಿಗುವುದಿಲ್ಲ. ತೋಳಿನಲ್ಲಿ ಮಾಂಸಖಂಡ ಇದೆ, ಬೆರಳಿನಲ್ಲಿ ಇಲ್ಲ, ರಕ್ತವಿಲ್ಲದೆ ಬೇಗ ಸಾಯುವುದು ಮಾಂಸಖಂಡ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ, ಅದನ್ನೆಲ್ಲ ತೊಳೆದು ತೆಗೆಯುವುದರಲ್ಲೇ ನಮ್ಮ ಹೊತ್ತು ಹೋಗುತ್ತದೆ.

ಪ್ರಶ್ನೆ: ಬೈಕಿನಿಂದ ಬಿದ್ದ ಅಣ್ಣನ ಮಂಡಿಯ ಹಿಂದೆ ರಕ್ತನಾಳ ಹರಿದಿತ್ತು. ಆಪರೇಷನ್ ಮಾಡಿ ಸರಿಮಾಡಿದರು. ರಕ್ತ ಓಡುತ್ತಿದೆ ಎಂದ ಮೇಲೂ ಮಂಡಿ ಕೆಳಗೆ ಕಾಲಿನ ಎರಡೂ ಪಕ್ಕ ಉದ್ದಕ್ಕೆ ಕೊಯ್ದು ಹೊಲಿಯದೆ ಬಿಟ್ಟಿದ್ದಾರೆ. ಇದೇಕೆ? (ಓದುಗರು, ಹಾಸನ)

ಉತ್ತರ: ನೋಡಲು ಭಯವಾಗುತ್ತದೆ ನಿಜ, ಆದರೆ ಅದು ಕಾಲು ಉಳಿಸಲು ಮಾಡಿದ ಕೆಲಸ. ಗಂಟೆಗಟ್ಟಲೆ ಉಪವಾಸವಿದ್ದ ಮಾಂಸಖಂಡಕ್ಕೆ ಒಮ್ಮೆಲೇ ರಕ್ತ ನುಗ್ಗಿದರೆ ಅದು ಊದಿಕೊಳ್ಳುತ್ತದೆ. ಮಂಡಿಯ ಕೆಳಗಿನ ಮಾಂಸಖಂಡಗಳು ನಾಲ್ಕು ಬಿಗಿಯಾದ ಚೀಲಗಳಲ್ಲಿ ತುಂಬಿಟ್ಟ ಹಾಗಿವೆ, ಚೀಲ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ, ಈಗಷ್ಟೇ ಓಡಲು ಶುರುವಾದ ರಕ್ತ ಮತ್ತೆ ನಿಲ್ಲುತ್ತದೆ. ಚೀಲ ಸೀಳಿದರೆ ಒತ್ತಡ ಇಳಿಯುತ್ತದೆ. ಊತ ಇಳಿದ ಮೇಲೆ ಹೊಲಿಯುತ್ತಾರೆ, ಇಲ್ಲವೇ ಚರ್ಮ ತಂದು ಹಚ್ಚುತ್ತಾರೆ.

ಅಣ್ಣನ ಮೂತ್ರದ ಬಣ್ಣ ನೋಡುತ್ತಿರಿ. ಕಾಫಿ ಡಿಕಾಕ್ಷನ್ ಥರ ಕಂದು ಬಣ್ಣ ಬಂದರೆ ಕೂಡಲೇ ನರ್ಸಿಗೆ ತಿಳಿಸಿ. ಹಾಳಾದ ಮಾಂಸಖಂಡದ ವಸ್ತು ರಕ್ತದಲ್ಲಿ ಬೆರೆತು ಕಿಡ್ನಿ ಕೆಡಿಸುತ್ತದೆ. 1941ರಲ್ಲಿ ಬಾಂಬು ಬಿದ್ದ ಲಂಡನ್ನಿನ ಕಟ್ಟಡಗಳ ಅಡಿಯಿಂದ ಜೀವಂತ ಹೊರತೆಗೆದವರು ಕೆಲವೇ ದಿನಗಳಲ್ಲಿ ಕಿಡ್ನಿ ಕೆಟ್ಟು ಸಾಯುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಗಮನಿಸಿ ಬರೆದರು. ಕಲ್ಲು ಸರಿಸಿದ ಮೇಲೆ ಸಾವು ಬರುತ್ತಿತ್ತು.

ನಾಳ ಹೊಲಿಯುವ ಕೆಲಸವೇ ತೀರಾ ಹಳೆಯದಲ್ಲ. ಎರಡನೇ ಮಹಾಯುದ್ಧದಲ್ಲಿ ಹರಿದ ನಾಳವನ್ನು ಕಟ್ಟಿಬಿಡುತ್ತಿದ್ದರು, ಅಮೆರಿಕದ ಸೈನಿಕರಲ್ಲಿ ಹಾಗೆ ಕಟ್ಟಿಸಿಕೊಂಡವರ ಪೈಕಿ ಅರ್ಧದಷ್ಟು ಜನ ಕೈಯೋ ಕಾಲೋ ಕಳೆದುಕೊಂಡರು. ಕೊರಿಯಾ ಯುದ್ಧದಲ್ಲಿ ಹೊಲಿಯಲು ಶುರುಮಾಡಿದಾಗ ಅದು ಸುಮಾರು ಶೇ 13ಕ್ಕೆ ಇಳಿಯಿತು. ಈಗ ಮೂಳೆ ಕೂರಿಸುವಷ್ಟು ಹೊತ್ತೂ ಕಾಯಬೇಕಿಲ್ಲ, ಹರಿದ ನಾಳದ ಎರಡು ತುದಿಗೆ ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ರಕ್ತ ಓಡಿಸಿ, ಆಮೇಲೆ ಉಳಿದ ಕೆಲಸ ಮಾಡಬಹುದು.

ಪ್ರಶ್ನೆ: ಮಗನ ಮೊಣಕೈ ಮುರಿದು ಪ್ಲಾಸ್ಟರ್ ಹಾಕಿದ ರಾತ್ರಿ ಅವನ ಅಳು ನಿಲ್ಲಲೇ ಇಲ್ಲ. ನೋವಿನ ಔಷಧಿ ಕೊಟ್ಟು ಬೆಳಗಿನವರೆಗೆ ಕಾದೆವು. ಬೆಳಗ್ಗೆ ಸರಿಹೋದ. ಮತ್ತೆ ಹೀಗಾದರೆ ಕಾಯಬಹುದಾ? (ಓದುಗರು, ಶಿರಸಿ)

ಉತ್ತರ: ಬೇಡಮ್ಮ, ಕಾಯಬೇಡಿ. ಔಷಧಿಗೂ ಜಗ್ಗದ ನೋವು, ಅದೂ ಏರುತ್ತಲೇ ಹೋಗುವ ನೋವು, ಮೇಲೆ ಹೇಳಿದಂಥ ಊತ ಕೈಯೊಳಗೂ ಶುರುವಾಗಿರಬಹುದು ಎಂಬುದರ ಮೊದಲ ಸೂಚನೆ. ಅವನ ಬೆರಳುಗಳನ್ನು ನೀವೇ ಮೆಲ್ಲಗೆ ನೇರ ಮಾಡಿ ನೋಡಿ, ಅಷ್ಟಕ್ಕೇ ಚೀರಿದರೆ ಒಳಗೆ ಒತ್ತಡ ಏರುತ್ತಿರಬಹುದು. ಬೆರಳು ಜೋಮು ಹಿಡಿಯುವುದು, ತಣ್ಣಗಾಗುವುದು ಆಮೇಲೆ ಬರುತ್ತದೆ, ಅದಕ್ಕೆ ಕಾಯುತ್ತಾ ಕೂತರೆ ಹೊತ್ತು ಮೀರುತ್ತದೆ. ನಾಡಿ ಸಿಗುತ್ತಿದೆ ಅಂತಲೂ ಸುಮ್ನಾಗಬೇಡಿ. ಕೈಯನ್ನು ಎದೆಯ ಮಟ್ಟದಲ್ಲೇ ಇಟ್ಟುಕೊಂಡು ರಾತ್ರಿಯೇ ಆಸ್ಪತ್ರೆಗೆ ಹೋಗಿ, ಡ್ಯೂಟಿ ಡಾಕ್ಟರಿಗೆ ‘ಪ್ಲಾಸ್ಟರ್ ಬಿಗಿಯಾಗಿದೆ, ಬೆರಳು ಬಿಡಿಸಿದರೆ ನೋಯುತ್ತದೆ’ ಎಂದು ಇದೇ ಮಾತಿನಲ್ಲಿ ಹೇಳಿ. ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳುತ್ತಾರೆ.