ಆಷಾಢದಿಂದ ಕಾರ್ತಿಕದವರೆಗೆ ರಾಯಚೂರಿನ ಕೆಲವು ಮಾಧ್ವರ ಮನೆಗಳಲ್ಲಿ ಊಟ ತಿಂಗಳಿಂದ ತಿಂಗಳಿಗೆ ಬದಲಾಗುವುದೇಕೆ?

ಇದು ಚಾತುರ್ಮಾಸ್ಯದ ವ್ರತನಿಯಮ. ವಿಷ್ಣು ಯೋಗನಿದ್ರೆಯಲ್ಲಿರುವನೆಂದು ನಂಬುವ ನಾಲ್ಕು ತಿಂಗಳಲ್ಲಿ, ಅಂದರೆ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯ ಆಸುಪಾಸಿನವರೆಗೆ, ರಾಯಚೂರು, ಆನೆಗೊಂದಿ ಕಡೆಯ ನಿಷ್ಠಾವಂತ ಮಾಧ್ವರು ಮೊದಲು ತರಕಾರಿಯನ್ನು, ಬಳಿಕ ಮೊಸರನ್ನು, ಆಮೇಲೆ ಹಾಲನ್ನು, ಕೊನೆಗೆ ದ್ವಿದಳ ಧಾನ್ಯಗಳನ್ನು ತಿಂಗಳಿಗೊಂದರಂತೆ ಬಿಡುತ್ತಾರೆ.

ಹೊರಗಿನವರಿಗೆ ವಿಚಿತ್ರವೆನಿಸುವುದು ಮೊದಲನೆಯದಾದ ಶಾಕವ್ರತವೇ. ಸೊಪ್ಪು, ಕಾಯಿಪಲ್ಲೆಗಳ ಜೊತೆಗೆ ಮೆಣಸಿನಕಾಯಿ, ಹುಣಸೆಹಣ್ಣುಗಳೂ ನಿಷಿದ್ಧವಾದುದರಿಂದ ಸಾರಿಗೆ ಖಾರ ಕಾಳುಮೆಣಸಿನಿಂದಲೂ ಹುಳಿ ಒಣಮಾವಿನ ಪುಡಿಯಿಂದಲೂ ಬರಬೇಕು. ಏಕೆಂದರೆ ಮಾವಿಗೆ ಮಾತ್ರ ವಿನಾಯಿತಿಯುಂಟು. ಬ್ಯಾಡಗಿ ಮೆಣಸಿನಕಾಯಿಯ ರುಚಿಗೆ ಒಗ್ಗಿದ ನಮ್ಮ ಸೀಮೆಯ ನಾಲಿಗೆಗೆ ಇದು ಸಣ್ಣ ತ್ಯಾಗವಲ್ಲ. ದಧಿವ್ರತದಲ್ಲಿ ಮೊಸರು ಸಲ್ಲದು, ಕಡೆದ ಮಜ್ಜಿಗೆ ಸಲ್ಲುತ್ತದೆ. ಕ್ಷೀರವ್ರತದಲ್ಲಿ ಹಾಲು ಸಲ್ಲದು, ಅದೇ ಹಾಲಿನಿಂದಾದ ಮೊಸರು ಸಲ್ಲುತ್ತದೆ. ರೂಪ ಬದಲಾದರೆ ಪದಾರ್ಥವೇ ಬೇರೆ ಎಂಬುದು ಇಲ್ಲಿನ ತರ್ಕ. ದ್ವಿದಳವ್ರತದಲ್ಲಿ ತೊಗರಿ, ಕಡಲೆ, ಹೆಸರು, ಉದ್ದು ಎಲ್ಲವೂ ಹೋಗುವುದರಿಂದ ಬೇಳೆಯ ಸಾರೇ ಇರುವುದಿಲ್ಲ.

ಮಳೆಗಾಲದ ಸೊಪ್ಪಿನಲ್ಲಿ ಹುಳುಗಳಿರುತ್ತವೆ ಎಂಬ ಆರೋಗ್ಯದ ವಿವರಣೆಯನ್ನು ಈಚೆಗೆ ಹಲವರು ಕೊಡುತ್ತಾರೆ. ಹಾಲು, ಬೇಳೆಗಳ ನಿಷೇಧಕ್ಕೆ ಅದು ಹೊಂದುವುದಿಲ್ಲವಾದ್ದರಿಂದ ಇದನ್ನು ಇಂದ್ರಿಯನಿಗ್ರಹದ ವ್ರತವೆಂದು ತಿಳಿಯುವುದೇ ಸರಿ ಎಂದು ನನ್ನ ಅಭಿಪ್ರಾಯ.