ಅಣ್ಣನೊಡನೆ ವಾದಿಸಲೇ, ಸುಮ್ಮನಿರಲೇ?

ಪ್ರಶ್ನೆ: ಕೋವಿಡ್ ಮೊದಲು ತಗುಲಿದ್ದು ಅಣ್ಣನಿಗೆ, ಅವನಿಂದ ಅಪ್ಪನಿಗೆ ಹರಡಿ, ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಅವನು, ವೈರಸ್ಸೇ ಇರಲಿಲ್ಲ, ವೈದ್ಯರೇ ಕೊಂದರು ಎನ್ನುತ್ತಾನೆ. ಇನ್ನೊಮ್ಮೆ, ಜನಸಂಖ್ಯೆ ತಗ್ಗಿಸಲು ಬೇಕೆಂದೇ ವೈರಸ್ ಬಿಟ್ಟರು ಎನ್ನುತ್ತಾನೆ. ವಾದಿಸಿದ್ದಕ್ಕೆ ನನ್ನೊಡನೆ ಮಾತು ಬಿಟ್ಟಿದ್ದಾನೆ. ಈಗ ಮಗುವಿಗೆ ದಡಾರದ ಲಸಿಕೆಯೂ ಬೇಡವೆನ್ನುತ್ತಿದ್ದಾನೆ. ನಾನು ಸುಮ್ಮನಿರಲೇ?

ಉತ್ತರ: ಆ ಎರಡು ಮಾತುಗಳು ಒಟ್ಟಿಗೆ ನಿಜವಾಗಲಾರವು. ಆದರೆ ನಿಮ್ಮ ಅಣ್ಣನ ಮಟ್ಟಿಗೆ ಅವೆರಡೂ ಒಂದೇ ಕೆಲಸ ಮಾಡುತ್ತಿರುವಂತಿದೆ: ತಂದೆಯ ಸಾವಿಗೆ ತಾನಲ್ಲದ ಇನ್ನೊಬ್ಬ ಹೊಣೆಗಾರನನ್ನು ಒದಗಿಸುತ್ತಿವೆ. (ಹೀಗೆಂದು ಅವರ ಮುಖಕ್ಕೆ ಮಾತ್ರ ಹೇಳಬೇಡಿ, ತನ್ನ ಮನಸ್ಸನ್ನು ಬಿಡಿಸಿ ತೋರಿಸುವವರನ್ನು ಯಾರೂ ಸುಲಭವಾಗಿ ಕ್ಷಮಿಸುವುದಿಲ್ಲ.)

ಸಾಂಕ್ರಾಮಿಕದ ಬೆನ್ನಿಗೇ ಸಂಶಯ ಹರಡುವುದು ಹಳೆಯ ಸಂಗತಿ. 1832ರ ಕಾಲರಾ ಸಮಯದಲ್ಲಿ, ಶವಚ್ಛೇದನಕ್ಕಾಗಿ ವೈದ್ಯರೇ ರೋಗಿಗಳನ್ನು ಕೊಲ್ಲುತ್ತಿದ್ದಾರೆಂದು ನಂಬಿ ಲಿವರ್‌ಪೂಲ್‌ನ ಜನ ದಂಗೆಯೆದ್ದಿದ್ದರು. 2020ರಲ್ಲಿ, ಕೋವಿಡ್‌ಗೆ 5ಜಿ ಕಾರಣವೆಂಬ ವದಂತಿಯಿಂದ ಬ್ರಿಟನ್ನಿನ ಮೊಬೈಲ್ ಟವರ್‌ಗಳಿಗೆ ಬೆಂಕಿ ಬಿತ್ತು. ಮನಶ್ಶಾಸ್ತ್ರಜ್ಞೆ ಕ್ಯಾರೆನ್ ಡಗ್ಲಸ್ ಮತ್ತು ಸಂಗಡಿಗರು 2017ರಲ್ಲಿ ವಿವರಿಸಿದಂತೆ, ನಡೆದದ್ದಕ್ಕೊಂದು ಅರ್ಥ, ಭದ್ರತೆ ಮತ್ತು ತನ್ನವರೆನಿಸುವ ಗುಂಪನ್ನು ಅರಸುತ್ತ ಜನ ಪಿತೂರಿ ಕಥನಗಳತ್ತ ಹೋಗುತ್ತಾರಾದರೂ, ಅವು ಅಲ್ಲಿ ದಕ್ಕುವಂತೆ ಕಾಣುವುದಿಲ್ಲ. ಅಸಹಾಯಕತೆ ಇನ್ನಷ್ಟು ಬೆಳೆಯುವುದೇ ಹೆಚ್ಚು. ಮನೆಯವರು ದೂರವಾದಷ್ಟೂ ಅವರಿಗೆ ಉಳಿಯುವುದು ಆ ಗುಂಪೊಂದೇ.

ಆದ್ದರಿಂದ ವಾದವನ್ನು ಬಿಡಿ, ಅಣ್ಣನನ್ನು ಬಿಡಬೇಡಿ. ನೀವಾಗಿಯೇ ಕರೆ ಮಾಡಿ, ಕಾಯಿಲೆಯ ಮಾತೆತ್ತದೆ ತಂದೆಯ ವಿಚಾರ ಮಾತನಾಡಿ. ಆ ದುಃಖವನ್ನು ನೀವಿಬ್ಬರೂ ಒಟ್ಟಿಗೆ ಅನುಭವಿಸಿದಂತೆ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಅವರು ಹಳೆಯ ಮಾತಿಗೇ ಮರಳಿದರೆ, ಒಪ್ಪಬಹುದಾದಷ್ಟನ್ನು ಒಪ್ಪಿ: ವೈರಸ್ಸಿನ ಮೂಲದ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ, ಆದರೆ ಜನರನ್ನು ಕೊಲ್ಲಲೆಂದೇ ಅದನ್ನು ಬಿಟ್ಟರೆಂಬುದಕ್ಕೆ ಆಧಾರವಿಲ್ಲ. ಅಷ್ಟು ಹೇಳಿ ನಿಲ್ಲಿಸಿ.

ಮಗುವಿನ ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. ದಡಾರ ಬಂದ ಒಬ್ಬರಿಂದ, ಪ್ರತಿರೋಧ ಶಕ್ತಿಯಿಲ್ಲದ 12ರಿಂದ 18 ಮಂದಿಗೆ ಅದು ಹರಡಬಲ್ಲದು. ಅದರ ಲಸಿಕೆ 1963ರಿಂದ ಬಳಕೆಯಲ್ಲಿದ್ದು, ಕೋವಿಡ್‌ನೊಂದಿಗೆ ಅದಕ್ಕೆ ಯಾವ ನಂಟೂ ಇಲ್ಲ. ಮೊದಲು ಅತ್ತಿಗೆಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ. ಮಗುವನ್ನು ಹುಟ್ಟಿನಿಂದ ನೋಡುತ್ತಿರುವ ವೈದ್ಯರಿದ್ದರೆ, ಅಣ್ಣ ತಮ್ಮ ಸಂಶಯಗಳನ್ನೆಲ್ಲ ಅವರ ಮುಂದೆ ಇಡುವಂತೆ ಆಕೆ ಏರ್ಪಾಡು ಮಾಡಲಿ. ಆ ಭೇಟಿಗೆ ನೀವು ಹೋಗದಿರುವುದೇ ಒಳಿತು, ಏಕೆಂದರೆ ವೈದ್ಯರ ಮಾತಿಗೆ ಒಪ್ಪುವುದಕ್ಕಿಂತ ತಂಗಿಯೆದುರು ಮಣಿಯುವುದು ಅವರಿಗೆ ಕಷ್ಟ.