ಮಗುವನ್ನು ಒಪ್ಪುವುದು ಬೇರೆ, ಏಟನ್ನು ಒಪ್ಪುವುದು ಬೇರೆ

‘ಮಗುವನ್ನು ಶರತ್ತಿಲ್ಲದೆ ಒಪ್ಪಿಕೊಳ್ಳಿ ಅಂತಾರೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಹಾಗಾದ್ರೆ ದೊಡ್ಡವನು ಚಿಕ್ಕವನಿಗೆ ಹೊಡೆದಾಗ ಸುಮ್ನೆ ನೋಡ್ತಾ ಕೂರಬೇಕಾ?’ ಅಂತ ಕೇಳಿದ್ದೀರಿ.

ಖಂಡಿತ ಬೇಡ. ತಮಾಷೆ ಅಂದರೆ, ನಿಮ್ಮ ಉದಾಹರಣೆಯನ್ನೇ ರೋಜರ್ಸ್ 1951ರ ಪುಸ್ತಕದಲ್ಲಿ ಎತ್ತಿಕೊಂಡಿದ್ದಾರೆ. ಹುಟ್ಟಿದ ಮಗುವಿಗೆ ‘ನಾನು’ ಅನ್ನುವುದು ಬೇರೆಯಾಗಿ ಇರುವುದಿಲ್ಲ, ಅದು ಅನುಭವದೊಳಗಿಂದ ನಿಧಾನಕ್ಕೆ ಮೂಡುತ್ತದೆ ಅನ್ನುವುದು ಅವರ ವಾದ. ತಮ್ಮನಿಗೆ ಹೊಡೆದಾಗ ಅಣ್ಣನಿಗೆ ಒಳಗೊಳಗೇ ಖುಷಿಯಾಗುತ್ತದೆ. ಅದು ಅವನ ನಿಜವಾದ ಅನುಭವ. ‘ಛೀ, ಒಳ್ಳೆ ಹುಡುಗರು ಹೀಗೆ ಮಾಡ್ತಾರಾ?’ ಅಂದರೆ ಆ ಖುಷಿ ತನಗೆ ಆಗಲೇ ಇಲ್ಲ ಅಂದುಕೊಳ್ಳುವುದನ್ನು ಕಲಿಯುತ್ತಾನೆ. ‘ನಂಗೆ ತಮ್ಮ ಅಂದ್ರೆ ಪ್ರಾಣ’ ಅನ್ನುತ್ತಾನೆ. ಮಾತು ಅವನದಲ್ಲ, ಅಮ್ಮನದು. ಪ್ರೀತಿ ಬೇಕಾದರೆ ಹೀಗಿರಬೇಕು ಅನ್ನುವ ಶರತ್ತು ಜಾಸ್ತಿಯಾದಷ್ಟೂ, ಒಳಗೆ ಅನ್ನಿಸುವುದಕ್ಕೂ ತನ್ನನ್ನು ತಾನು ಅಂದುಕೊಂಡಿರುವುದಕ್ಕೂ ತಾಳೆಯಾಗುವುದಿಲ್ಲ.

ರೋಜರ್ಸ್ ಪ್ರಕಾರ ಅಪ್ಪ ಅಮ್ಮ ಹೇಳಬೇಕಾದ್ದು ಹೆಚ್ಚುಕಮ್ಮಿ ಇಷ್ಟು: ‘ಅವನಿಗೆ ಹೊಡೆದ್ರೆ ನಿಂಗೆ ಖುಷಿ ಆಗತ್ತೆ, ಅರ್ಥ ಆಗತ್ತೆ. ನಿನ್ನ ಮೇಲೆ ಪ್ರೀತಿ ಇದ್ದೇ ಇದೆ. ಆದ್ರೆ ಅವನಿಗೆ ನೋವಾದ್ರೆ ನಂಗೂ ಸಂಕಟ ಆಗತ್ತೆ, ಅದಕ್ಕೇ ಹೊಡೆಯೋಕೆ ಬಿಡಲ್ಲ.’ ಅಂದರೆ ಮಗುವಿನ ಕೈ ಹಿಡಿದು ತಡೆಯಬಹುದು, ‘ನೀನು ಕೆಟ್ಟವನು’ ಅನ್ನುವ ಮಾತು ಮಾತ್ರ ಬೇಡ.

ಒಲೆ ಮೇಲೆ ಹಾಲು ಉಕ್ಕುತ್ತಿರುವಾಗ ಇಷ್ಟುದ್ದ ಭಾಷಣ ಯಾರಿಗೂ ಆಗಲ್ಲ ಬಿಡಿ. ‘ಸಿಟ್ಟು ಬಂತಾ? ಬರಲಿ. ಹೊಡೀಬೇಡ’ ಅಂದರೂ ನಡೆಯುತ್ತದೆ.